15ರ ಸ್ಟೀಲ್ ರಿಮ್ ಇರಲೋ, 16ರ ಅಲಾಯ್ ಹಾಕಲೋ?

ನಾಲ್ಕುಗಾಲಿ

ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ. ಕಾರಿಗೆ ಕಂಪನಿಯಿಂದ ಬಂದಿರುವುದು ಸ್ಟೀಲ್ ರಿಮ್: 6ಜೆ×15 (6 ಇಂಚು ಅಗಲ, 15 ಇಂಚು ವ್ಯಾಸ), ಇಟಿ ಅಂದರೆ ಆಫ್‌ಸೆಟ್ 45, ಪಿಸಿಡಿ 4×100 (100 ಮಿ.ಮೀ. ವೃತ್ತದಲ್ಲಿ ನಾಲ್ಕು ನಟ್ ತೂತು), ರಿಮ್ ಕೂರುವ ಹಬ್ 54.1 ಮಿ.ಮೀ. ಟಯರ್ 185/65 ಆರ್15, ಲೋಡ್ ಇಂಡೆಕ್ಸ್ 88. ನಟ್ ಹಾಕುವ ಸ್ಟಡ್ ಎಂ12×1.5 (12 ಮಿ.ಮೀ. ವ್ಯಾಸ, ಸುತ್ತಿಗೆ 1.5 ಮಿ.ಮೀ.), ನಟ್‌ಗಳು 60 ಡಿಗ್ರಿ ಕೋನ್. ಬಾಗಿಲ ಬಳಿಯ ಪ್ಲೇಟಿನಲ್ಲಿ ಮುಂದಿನ ಆಕ್ಸಲ್‌ಗೆ ಗರಿಷ್ಠ 800 ಕೆ.ಜಿ. ಎಂದಿದೆ.

ನಾಲ್ಕೂ ಟಯರ್ ಸವೆದಿವೆ, ಹೇಗೂ ಬದಲಿಸಲೇಬೇಕು. ಅದರ ಜೊತೆಗೇ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ರಿಮ್) ಹಾಕಿಬಿಡೋಣ ಎಂಬ ಯೋಚನೆ. ನೋಡಿಟ್ಟಿರುವುದು 6.5ಜೆ×16, ಇಟಿ 40, 4×100, ನಡುವಿನ ತೂತು 67.1, ಟಯರ್ 195/55 ಆರ್16. ಓಡಾಟ ಅರ್ಧಕ್ಕಿಂತ ಹೆಚ್ಚು ಗುಂಡಿ ಬಿದ್ದ ರಸ್ತೆಯಲ್ಲಿ, ಉಳಿದದ್ದು ಹೈವೇ.

ಕೇಳಬೇಕಾದ್ದು ಇಷ್ಟು. ತೂಕ ಇಳಿದು ಮೈಲೇಜ್ ಏರುತ್ತದೆ ಅನ್ನುವುದು ಎಷ್ಟು ನಿಜ? ಗುಂಡಿಗೆ ಯಾವುದು ತಡೆಯುತ್ತದೆ? ಹಳೇ ನಟ್‌ಗಳೇ ನಡೆಯುತ್ತವೆಯೇ? ಡಿಕ್ಕಿಯಲ್ಲಿರುವ ಸ್ಟೀಲ್ ಸ್ಟೆಪ್ನಿ ಹಾಗೇ ಇಟ್ಟುಕೊಳ್ಳಬಹುದೇ?

---

ಗಾಲಿಗಣಿತ

ಅಲಾಯೋ ಸ್ಟೀಲೋ ಎಂದು ಕೇಳಿದ್ದೀರಿ, ಆದರೆ ನೀವು ಬದಲಿಸಹೊರಟಿರುವುದು ಲೋಹವೊಂದನ್ನೇ ಅಲ್ಲ. ವ್ಯಾಸ, ಅಗಲ, ಆಫ್‌ಸೆಟ್, ನಡುತೂತು ಎಲ್ಲವೂ ಬದಲಾಗುತ್ತಿವೆ. ಕಾರಿನ ನಡತೆಯಲ್ಲಿ ನಿಮಗೆ ಗೊತ್ತಾಗುವ ವ್ಯತ್ಯಾಸದ ಬಹುಪಾಲು ಈ ನಾಲ್ಕರಿಂದಲೇ ಬರುವಂಥದ್ದು. ಹಾಗಾಗಿ ಮೊದಲು ಲೆಕ್ಕ.

ಟಯರಿನ ಎತ್ತರ. ಟಯರಿನ ಅಗಲ 185 ಮಿ.ಮೀ., ಅದರಲ್ಲಿ ಶೇ. 65 ಅಂದರೆ ಪಕ್ಕೆ 120.25 ಮಿ.ಮೀ. ಎರಡು ಪಕ್ಕೆ ಸೇರಿ 240.5, ರಿಮ್ 15×25.4 = 381, ಒಟ್ಟು 621.5. ಹೊಸದರಲ್ಲಿ ಪಕ್ಕೆ 107.25, ಎರಡಕ್ಕೆ 214.5, ರಿಮ್ 406.4, ಒಟ್ಟು 620.9. ಸ್ಪೀಡೋಮೀಟರಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅಷ್ಟರಮಟ್ಟಿಗೆ ಟಯರ್ ಆಯ್ಕೆ ಸರಿ. ಆದರೆ ಪಕ್ಕೆ 13 ಮಿ.ಮೀ. ಗಿಡ್ಡವಾಯಿತು. ಜೆ ಮಾದರಿಯ ರಿಮ್ಮಿನ ತುಟಿ ಸುಮಾರು 17 ಮಿ.ಮೀ. ಎತ್ತರಕ್ಕೆ ನಿಂತಿರುತ್ತದೆ. ಅದನ್ನು ಕಳೆದರೆ ಗುಂಡಿಯ ಅಂಚಿಗೂ ಲೋಹಕ್ಕೂ ನಡುವೆ ಈಗ ಇರುವ ಮೆತ್ತೆ 103, ಮುಂದೆ ಇರುವುದು 90. ಗುಂಡಿಯ ರಸ್ತೆಯೇ ಹೆಚ್ಚು ಅನ್ನುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದ ಸಂಖ್ಯೆ ಇದು.

ಆಫ್‌ಸೆಟ್. 6 ಇಂಚು 152.4 ಮಿ.ಮೀ., ಅರ್ಧ 76.2. ಇಟಿ 45 ಅಂದರೆ ಹಬ್ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ 45 ಮಿ.ಮೀ. ಹೊರಕ್ಕಿದೆ. ಆ ಮುಖದಿಂದ ಹೊರಗಿನ ಅಂಚಿಗೆ 31.2, ಒಳಗಿನ ಅಂಚಿಗೆ 121.2. ಹೊಸ ರಿಮ್ಮಿನಲ್ಲಿ ಅರ್ಧ ಅಗಲ 82.55, ಇಟಿ 40, ಹೊರಗೆ 42.55, ಒಳಗೆ 122.55. ಅಂದರೆ ಒಳಬದಿಗೆ ಒಂದೂವರೆ ಮಿ.ಮೀ. ಒಳಗೇ ವ್ಯತ್ಯಾಸ, ಸಸ್ಪೆನ್ಷನ್ನಿನ ಕಂಬಕ್ಕೆ (ಸ್ಟ್ರಟ್) ತಾಗುವ ಭಯವಿಲ್ಲ. ಹೊರಕ್ಕೆ ಮಾತ್ರ 11 ಮಿ.ಮೀ.ಗೂ ಜಾಸ್ತಿ ಬರುತ್ತದೆ. ಹಿಂದೆ ಮೂವರು ಕೂತು ಡಿಕ್ಕಿ ತುಂಬಿ ಗಾಡಿ ಕುಗ್ಗಿದಾಗ ಮಡ್‌ಗಾರ್ಡಿನ ಅಂಚು ಟಯರಿಗೆ ತಾಗುವುದು ಇಂಥ ಕಡೆಯೇ. ಮುಂದಿನ ಚಕ್ರದಲ್ಲಿ ಇನ್ನೊಂದು: ಆಫ್‌ಸೆಟ್ 5 ಮಿ.ಮೀ. ಇಳಿದಷ್ಟೂ ಚಕ್ರದ ನಡುಗೆರೆ ಸ್ಟೀರಿಂಗ್ ತಿರುಗುವ ಅಕ್ಷದಿಂದ ದೂರ ಹೋಗುತ್ತದೆ, ಏರುತಗ್ಗು ರಸ್ತೆಯಲ್ಲಿ ಸ್ಟೀರಿಂಗ್ ಕೈ ಎಳೆಯುವುದು ಸ್ವಲ್ಪ ಹೆಚ್ಚುತ್ತದೆ. 6.5ಜೆ ಬೇಕೇ ಬೇಕಿದ್ದರೆ ಇಟಿ 45ರದ್ದನ್ನೇ ಹುಡುಕಿ. ಆಗ ಅಗಲದ ಹೆಚ್ಚಳ ಎರಡು ಬದಿಗೂ ಆರಾರು ಮಿ.ಮೀ. ಹಂಚಿಹೋಗುತ್ತದೆ.

ಭಾರ. 88 ಅಂದರೆ ಒಂದು ಟಯರಿಗೆ 560 ಕೆ.ಜಿ. 195/55 ಆರ್16 ಸಾಮಾನ್ಯವಾಗಿ ಸಿಗುವುದು 87ರಲ್ಲಿ, ಅಂದರೆ 545. ನಿಮ್ಮ ಆಕ್ಸಲ್ 800, ಚಕ್ರಕ್ಕೆ 400, ಲೆಕ್ಕಕ್ಕೆ ಸಾಕು. ಆದರೂ ಕಾರಿನ ಪ್ಲೇಟಿನಲ್ಲಿ ಬರೆದ ಇಂಡೆಕ್ಸಿಗಿಂತ ಕೆಳಗಿಳಿಯುವುದು ಒಳ್ಳೆಯ ಅಭ್ಯಾಸವಲ್ಲ. ವಿಮೆ, ತಪಾಸಣೆ ಅಂತ ಬಂದಾಗ ತಗಾದೆ ಶುರುವಾಗುವುದು ಅಲ್ಲೇ. ಅದೇ ಅಳತೆ ಎಕ್ಸ್‌ಎಲ್‌ನಲ್ಲಿ (ಹೆಚ್ಚು ಭಾರ ಹೊರುವ ಮಾದರಿ) 91, ಅಂದರೆ 615 ಕೆ.ಜಿ. ಅದನ್ನು ತೆಗೆದುಕೊಳ್ಳಿ.

ಮೈಲೇಜ್ ವಿಚಾರ. 6ಜೆ×15ರ ಸ್ಟೀಲ್ ರಿಮ್ ಎಂಟರಿಂದ ಒಂಬತ್ತೂವರೆ ಕೆ.ಜಿ. ತೂಗುತ್ತದೆ. ಅದೇ ಅಳತೆಯ ಎರಕದ ಅಲಾಯ್ ಆರೂವರೆಯಿಂದ ಎಂಟು. ಉಳಿತಾಯ ಒಂದೂವರೆ ಕೆ.ಜಿ. ಅಂದುಕೊಳ್ಳಿ. ತಿರುಗುವ ತೂಕ ಒಂದಕ್ಕೆ ನಾಲ್ಕು ಎಂದೆಲ್ಲ ಹೇಳುತ್ತಾರಲ್ಲ, ಅದು ಸುಳ್ಳು. ಉರುಳುವ ಚಕ್ರದಲ್ಲಿ ಒಂದು ಕೆ.ಜಿ. ಎಷ್ಟಕ್ಕೆ ಸಮ ಎಂಬುದು ಅದು ಎಷ್ಟು ಹೊರಗಿದೆ ಎಂಬುದರ ಮೇಲೆ ಹೋಗುತ್ತದೆ. ನೆಲ ಮುಟ್ಟುವ ಜಾಗದಲ್ಲೇ ಇದ್ದರೂ ಎರಡನ್ನು ಮೀರಲು ಸಾಧ್ಯವಿಲ್ಲ. ರಿಮ್ಮಿನ ತ್ರಿಜ್ಯ 190, ಚಕ್ರದ್ದು 310; ಭಾಗಿಸಿ ವರ್ಗ ಮಾಡಿದರೆ 0.38. ಅಂದರೆ ರಿಮ್ಮಿನ 1 ಕೆ.ಜಿ. ವೇಗ ಹಿಡಿಯುವಾಗ 1.4 ಕೆ.ಜಿ.ಯಷ್ಟು ಭಾರ. ನಾಲ್ಕು ಚಕ್ರಕ್ಕೆ 1.5×1.4×4, ಎಂಟೂವರೆ ಕೆ.ಜಿ.ಯೂ ಆಗಲಿಲ್ಲ. ಟನ್ನು ತೂಗುವ ಕಾರಿನಲ್ಲಿ ಇದು ಶೇ. 1ಕ್ಕಿಂತ ಕಡಿಮೆ. ಅದೂ 15ರಿಂದ 15ಕ್ಕೇ ಹೋದರೆ. 16ಕ್ಕೆ ಹೋದಾಗ ರಿಮ್ಮಿನ ತೂಕ ಮತ್ತೆ ಎಂಟೂವರೆ ಒಂಬತ್ತಕ್ಕೆ ಬಂದು ನಿಲ್ಲುವುದೇ ಹೆಚ್ಚು, ಟಯರೂ ಅಗಲ. ಮೈಲೇಜ್ ಬೇಕಿದ್ದರೆ ರೋಲಿಂಗ್ ಪ್ರತಿರೋಧ ಕಡಿಮೆ ಇರುವ ಟಯರ್ ಆರಿಸಿ, ಗಾಳಿ ಸರಿಯಾಗಿಡಿ. ರಿಮ್ಮಿನಿಂದ ಬರುವುದು ಏನೂ ಇಲ್ಲ.

---

ಎರಕದಮನೆ

ಲೆಕ್ಕ ಸರಿಯಾಗಿದೆ. ಲೋಹದ ಕಡೆಯಿಂದ ನಾನು ಸೇರಿಸುತ್ತೇನೆ, ಏಕೆಂದರೆ "ಸ್ಟೀಲ್ ಬಾಗುತ್ತೆ, ಅಲಾಯ್ ಒಡೆಯುತ್ತೆ" ಎಂಬ ಒಂದೇ ಸಾಲಿನಲ್ಲಿ ಈ ಚರ್ಚೆ ಎಲ್ಲ ಕಡೆ ಮುಗಿದುಬಿಡುತ್ತದೆ.

ಸ್ಟೀಲ್ ರಿಮ್ ಎರಡು ತುಂಡು. ಪಟ್ಟಿಯನ್ನು ಬಳೆಯಂತೆ ಸುತ್ತಿ ತುದಿಗೆ ತುದಿ ಬೆಸೆದು ರೋಲ್ ಮಾಡಿದ ಹೊರಬಳೆ. ಪ್ರೆಸ್‌ನಲ್ಲಿ ಒತ್ತಿದ ನಡುವಿನ ತಟ್ಟೆ. ಎರಡನ್ನೂ ಒಳಗಿನಿಂದ ವೆಲ್ಡ್ ಮಾಡಿರುತ್ತಾರೆ. ಈ ಉಕ್ಕು ಮುರಿಯುವ ಮೊದಲು ಶೇ. 20ಕ್ಕೂ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಗುಂಡಿಗೆ ಇಳಿದಾಗ ತುಟಿ ನೆಗ್ಗುತ್ತದೆ, ಗಾಳಿ ಬಹುತೇಕ ಉಳಿಯುತ್ತದೆ, ಆಮೇಲೆ ತಣ್ಣಗೇ ಬಡಿದು ಸರಿ ಮಾಡಬಹುದು.

ಅಲಾಯ್ ಅಂದರೆ ಹೆಚ್ಚಿನವು ಎ356 ಎಂಬ ಮಿಶ್ರಲೋಹ: ಅಲ್ಯೂಮಿನಿಯಂಗೆ ಶೇ. 7ರಷ್ಟು ಸಿಲಿಕಾನ್, 0.3ರಷ್ಟು ಮೆಗ್ನೀಸಿಯಂ. ಅಚ್ಚಿಗೆ ಹೊಯ್ದು, ಸುಮಾರು 540 ಡಿಗ್ರಿಯಲ್ಲಿ ಕಾಯಿಸಿ, ನೀರಿಗಿಳಿಸಿ, ಮತ್ತೆ 150-160ರ ಆಸುಪಾಸಿನಲ್ಲಿ ಕೆಲವು ಗಂಟೆ ಇಡುತ್ತಾರೆ. ಇದಕ್ಕೆ ಟಿ6 ಹದ ಎಂದು ಹೆಸರು. ರಿಮ್ಮಿನ ಬಲದ ಬಹುಪಾಲು ಈ ಹದದ್ದು. ಹಿಗ್ಗುವಿಕೆ ಮಾತ್ರ ಶೇ. 10ರ ಒಳಗೇ. ಬಾಗುತ್ತದೆ, ಆದರೆ ಸ್ವಲ್ಪ ಬಾಗಿ ಸೀಳುತ್ತದೆ.

ಸೀಳುವುದೆಲ್ಲಿ ಎಂಬುದು ಗೊತ್ತಿರಬೇಕು. ಹೊರಗಿನ ತುಟಿಗೆ ಕಡ್ಡಿಗಳ ಆಸರೆ ಇದೆ. ಒಳಬದಿಯ ತುಟಿಗೆ ಯಾವ ಆಸರೆಯೂ ಇಲ್ಲ, ಬರೀ ಕೊಳವೆಯ ಬಾಯಿ. ಹಾಗಾಗಿ ಬಿರುಕು ಕಾಣಿಸಿಕೊಳ್ಳುವುದು ಕಾರಿನ ಒಳಮುಖದಲ್ಲಿ, ತುಟಿಯಿಂದ ಶುರುವಾಗಿ ಅಡ್ಡಕ್ಕೆ ಹೋಗುವ ಕೂದಲೆಳೆಯಂಥ ಗೆರೆಯಾಗಿ. ಹೊರಗಿನಿಂದ ನೋಡಿದರೆ ರಿಮ್ ಫಳಫಳ. ವಾರಕ್ಕೆ ನಾಲ್ಕೈದು ಪಿಎಸ್‌ಐ ಇಳಿಯುತ್ತಿದ್ದು ಟಯರಿನಲ್ಲಿ ಮೊಳೆ ಸಿಗದಿದ್ದರೆ ಅನುಮಾನ ಅಲ್ಲಿಗೇ ಹೋಗಬೇಕು.

ಅಲಾಯ್‌ಗಳೆಲ್ಲ ಒಂದೇ ಅಲ್ಲ. ತೂಕದ ಮೇಲೆ ಹರಿದು ಅಚ್ಚು ತುಂಬುವ ಗ್ರಾವಿಟಿ ಎರಕ, ಕೆಳಗಿನಿಂದ ಒತ್ತಡ ಕೊಟ್ಟು ತುಂಬಿಸುವ ಲೋ ಪ್ರೆಶರ್ ಎರಕ, ಎರಕ ಹೊಯ್ದ ಮೇಲೆ ಹೊರಬಳೆಯನ್ನು ರೋಲರ್‌ನಿಂದ ಒತ್ತಿ ಎಳೆಯುವ ಫ್ಲೋ ಫಾರ್ಮ್, ಗಟ್ಟಿ 6061 ದಿಮ್ಮಿಯನ್ನು ಪ್ರೆಸ್‌ನಲ್ಲಿ ತಟ್ಟಿ ಮಾಡುವ ಫೋರ್ಜ್ಡ್. ಕಾರು ಕಂಪನಿಯ ರಿಮ್‌ಗಳು ಸಾಮಾನ್ಯವಾಗಿ ಲೋ ಪ್ರೆಶರ್. ಎರಕದಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಅಗ್ಗದ ನಕಲು ರಿಮ್ಮಿನ ರೋಗ ಅದೇ. ಗುಂಡಿಗೆ ಫ್ಲೋ ಫಾರ್ಮ್ ಹೊರಬಳೆ ಮಾಮೂಲಿ ಎರಕಕ್ಕಿಂತ ಒಳ್ಳೆಯದು, ಆದರೆ ತಯಾರಕರು ಅದೇ ಬಲದ ನೆಪದಲ್ಲಿ ದಪ್ಪ ಇಳಿಸಿ ತೂಕ ಉಳಿಸಿರುತ್ತಾರೆ, ಹಾಗಾಗಿ ಹೆಸರು ನೋಡಿ ನಿಶ್ಚಿಂತರಾಗಬೇಡಿ.

ಗುರುತು ಓದುವುದು: ಹಿಂಬದಿಯಲ್ಲಿ ಅಳತೆ, ಇಟಿ, ತಯಾರಾದ ತಿಂಗಳು-ವರ್ಷ ಎರಕದಲ್ಲೇ ಮೂಡಿರಬೇಕು, ಗರಿಷ್ಠ ಭಾರವೂ ಇದ್ದರೆ ಒಳ್ಳೆಯದು. ನಿಮಗೆ ಚಕ್ರಕ್ಕೆ 400 ಬೇಕು; 500ರ ಮೇಲಿದ್ದರೆ ನಿರಾಳ. ಜೆಡಬ್ಲ್ಯುಎಲ್ ಎಂಬ ಮುದ್ರೆ ಜಪಾನಿನ ಮಾನದಂಡಕ್ಕೆ ಹೊಂದುತ್ತದೆ ಎಂದು ತಯಾರಕನೇ ಹೇಳಿಕೊಳ್ಳುವುದು. ಪಕ್ಕದಲ್ಲಿ ವಿಐಎ ಮುದ್ರೆಯೂ ಇದ್ದರೆ ಹೊರಗಿನ ಪರೀಕ್ಷೆ ಆಗಿದೆ ಎಂದರ್ಥ. ಪೆಟ್ಟಿನ ಪರೀಕ್ಷೆಗೆ ಐಎಸ್‌ಒ 7141 ಇದೆ: ಟಯರ್ ಸಮೇತ ರಿಮ್ಮನ್ನು 13 ಡಿಗ್ರಿ ಓರೆಗೆ ಕೂರಿಸಿ, ರಿಮ್ಮಿನ ಗರಿಷ್ಠ ಭಾರದ 0.6 ಪಟ್ಟಿಗೆ 180 ಕೆ.ಜಿ. ಸೇರಿಸಿದಷ್ಟು ತೂಕವನ್ನು 230 ಮಿ.ಮೀ. ಎತ್ತರದಿಂದ ಬೀಳಿಸುತ್ತಾರೆ. 500 ಕೆ.ಜಿ.ಯ ರಿಮ್ಮಿಗೆ ಬೀಳುವುದು 480 ಕೆ.ಜಿ. ನಡುಭಾಗ ಸೀಳಬಾರದು, ಒಂದು ನಿಮಿಷದೊಳಗೆ ಗಾಳಿ ಪೂರ್ತಿ ಹೋಗಬಾರದು. ತುಟಿ ಬಾಗಿದರೆ ಪರವಾಗಿಲ್ಲ! ಅಂದರೆ ಪರೀಕ್ಷೆ ಗೆದ್ದ ರಿಮ್ಮೂ ಗುಂಡಿಯಲ್ಲಿ ಬಾಗಬಹುದು. ಬಾಗಿದ ಮಾತ್ರಕ್ಕೆ ಅದು ನಕಲಿ ಅಲ್ಲ.

ನಿಮ್ಮ ರಸ್ತೆಗೆ ನನ್ನ ಅಭಿಪ್ರಾಯ: 15 ಇಂಚಿನಲ್ಲೇ ಇರಿ. ಅಲಾಯ್ ಬೇಕೆಂದರೆ 15ರ ಅಲಾಯ್. ಪಕ್ಕೆ ಎತ್ತರದ ಟಯರ್ ಇರುವ ಅಲಾಯ್, ಗಿಡ್ಡ ಟಯರಿನ ಸ್ಟೀಲ್‌ಗಿಂತ ಗುಂಡಿಯಲ್ಲಿ ಹೆಚ್ಚು ಕ್ಷೇಮ.

---

ಟಾರ್ಕ್‌ರೆಂಚ್

ನಟ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಚಕ್ರ ಕಳಚಿಕೊಳ್ಳುವುದು ರಿಮ್ ಒಡೆದು ಅಲ್ಲ, ನಟ್ ಸಡಿಲಾಗಿ.

ಮೊದಲು ಸೀಟ್. ನಟ್ ಕೂರುವ ಗುಳಿ ಮೂರು ಥರ: 60 ಡಿಗ್ರಿ ಕೋನ್, ಗೋಲಾಕಾರ (ಆರ್12, ಆರ್13, ಆರ್14 ಎಂದು ತ್ರಿಜ್ಯದ ಹೆಸರಲ್ಲಿ ಕರೆಯುತ್ತಾರೆ), ಮತ್ತೆ ವಾಷರ್ ಇರುವ ಚಪ್ಪಟೆ. ಕೋನ್ ನಟ್ಟನ್ನು ಗೋಲದ ಗುಳಿಗೆ ಬಿಗಿದರೆ ತಾಗುವುದು ಒಂದು ಗೆರೆಯಷ್ಟು ಮಾತ್ರ. ಟಾರ್ಕ್ ಬಂದಂತೆ ಕಾಣುತ್ತದೆ, ನೂರಿನ್ನೂರು ಕಿ.ಮೀ. ಓಡಿದ ಮೇಲೆ ಅಲ್ಯೂಮಿನಿಯಂ ಅಲ್ಲೇ ಜಜ್ಜಿ ಸಡಿಲಾಗುತ್ತದೆ. ಪರೀಕ್ಷಿಸುವುದು ಸುಲಭ. ನಟ್ಟಿನ ಮುಖಕ್ಕೆ ಮಾರ್ಕರ್ ಶಾಯಿ ಬಳಿದು ಗುಳಿಯಲ್ಲಿ ಕೈಯಿಂದ ಒತ್ತಿ ತಿರುಗಿಸಿ ತೆಗೆಯಿರಿ. ಶಾಯಿ ಅಗಲ ಪಟ್ಟಿಯಾಗಿ ಅಳಿಸಿದ್ದರೆ ಸೀಟ್ ಹೊಂದಿದೆ. ದಾರದಂಥ ಒಂದು ಗೆರೆಯಲ್ಲಿ ಮಾತ್ರ ಅಳಿಸಿದ್ದರೆ ಆ ನಟ್ ಬೇಡ.

ಎರಡನೆಯದು ಉದ್ದ. ಸ್ಟೀಲ್ ರಿಮ್ಮಿನ ತಟ್ಟೆ ನಾಲ್ಕೈದು ಮಿ.ಮೀ. ದಪ್ಪ, ಅಲಾಯ್‌ನ ಅದೇ ಜಾಗ ಹತ್ತು ಹದಿನೈದು, ಕೆಲವದರಲ್ಲಿ ಇನ್ನೂ ಹೆಚ್ಚು. ಸ್ಟಡ್ ಅಷ್ಟೇ ಉದ್ದ ಇರುವುದರಿಂದ ಹಿಡಿತದ ಸುತ್ತು ಕಡಿಮೆಯಾಗುತ್ತದೆ. ರೂಢಿಯ ಲೆಕ್ಕ: ಸ್ಟಡ್ಡಿನ ವ್ಯಾಸದಷ್ಟಾದರೂ ದಾರ (ಥ್ರೆಡ್) ಕಚ್ಚಿರಬೇಕು. ಎಂ12×1.5ಕ್ಕೆ 12 ಭಾಗಿಸು 1.5, ಅಂದರೆ ಪೂರ್ತಿ 8 ಸುತ್ತು. ಕೈಯಿಂದ ಎಣಿಸಿಯೇ ನೋಡಿ. ಐದಾರಕ್ಕೆ ನಿಂತರೆ ಆ ರಿಮ್ ಬೇಡ. (ಸ್ಟಡ್ ಬದಲು ಬೋಲ್ಟ್ ಇರುವ ಕಾರುಗಳವರು ಇದನ್ನು ತಿರುಗುಮುರುಗಾಗಿ ಓದಿಕೊಳ್ಳಿ. ಅಲಾಯ್‌ನ ಉದ್ದ ಬೋಲ್ಟನ್ನು ಸ್ಟೀಲ್ ಸ್ಟೆಪ್ನಿಗೆ ಹಾಕಿದರೆ ತುದಿ ಹಬ್ಬಿನ ಹಿಂದೆ ಹೊರಬಂದು ಬ್ರೇಕ್ ಶೂ, ಎಬಿಎಸ್ ರಿಂಗ್ ಏನಿದೆಯೋ ಅದಕ್ಕೆ ಉಜ್ಜುತ್ತದೆ. ಅವರು ಡಿಕ್ಕಿಯಲ್ಲಿ ಗಿಡ್ಡ ಬೋಲ್ಟುಗಳ ಒಂದು ಸೆಟ್ ಇಟ್ಟುಕೊಳ್ಳಲೇಬೇಕು.)

ಮೂರನೆಯದು ಪಾನಾ. ಹೊರಗಿನ ಅಲಾಯ್‌ಗಳಲ್ಲಿ ನಟ್ ಇಳಿಯುವ ಬಾವಿ ಕಿರಿದು. ಕಾರಿನ ಜೊತೆ ಬಂದ ಪಾನಾ ಅದರೊಳಗೆ ಹೋಗುವುದಿಲ್ಲ. ಪಂಕ್ಚರ್ ಆದ ದಿನ ಇದು ಗೊತ್ತಾಗುವುದು ಬೇಡ; ತೆಳುಗೋಡೆಯ ಸಾಕೆಟ್ ಈಗಲೇ ಡಿಕ್ಕಿಗೆ ಹಾಕಿಡಿ.

ನಡುತೂತು 67.1, ನಿಮ್ಮ ಹಬ್ 54.1. ನಡುವಿನ 13 ಮಿ.ಮೀ.ಗೆ ಹಬ್ ರಿಂಗ್ ಬೇಕು, ಗೋಡೆ ಆರೂವರೆ ಮಿ.ಮೀ. ದಪ್ಪದ್ದು. ರಿಂಗ್ ಇಲ್ಲದಿದ್ದರೆ 80-100ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗುವುದಿಲ್ಲ, ಏಕೆಂದರೆ ಮೆಷಿನ್ನಿನಲ್ಲಿ ರಿಮ್ ನಡುವಿಗೇ ಕೂರುತ್ತದೆ, ಕಾರಿನಲ್ಲಿ ಕೂರುವುದಿಲ್ಲ. ಪ್ಲಾಸ್ಟಿಕ್ ರಿಂಗ್ ನೋಡಿ ಹೆದರಬೇಡಿ. ಕಾರಿನ ಭಾರ ಹೊರುವುದು ರಿಂಗ್ ಅಲ್ಲ, ನಟ್‌ಗಳ ಬಿಗಿತದಿಂದ ಹಬ್ ಮುಖಕ್ಕೂ ರಿಮ್ಮಿಗೂ ನಡುವೆ ಹುಟ್ಟುವ ಘರ್ಷಣೆ. ರಿಂಗ್ ಬರೀ ಕೂರಿಸುವಾಗ ನಡುವಿಗೆ ತರುತ್ತದೆ. ಘಾಟಿಯಲ್ಲಿ ಬ್ರೇಕ್ ತುಳಿದು ತುಳಿದು ಕಾಯಿಸುವವರಾದರೆ ಅಲ್ಯೂಮಿನಿಯಂ ರಿಂಗ್ ತೆಗೆದುಕೊಳ್ಳಿ, ಆದರೆ ಅದು ಹಬ್ಬಿಗೆ ಕಚ್ಚಿಕೊಳ್ಳುವುದೂ ಉಂಟು.

ಹಾಕುವ ಕ್ರಮ:

ಹಬ್ ಮುಖದ ತುಕ್ಕನ್ನು ವೈರ್ ಬ್ರಷ್‌ನಿಂದ ಲೋಹ ಕಾಣುವ ತನಕ ಉಜ್ಜಿ. ಅಲ್ಲಿ ಅರ್ಧ ಮಿ.ಮೀ. ಹಕ್ಕಳೆ ಉಳಿದರೂ ರಿಮ್ ಓರೆಯಾಗಿ ಕೂರುತ್ತದೆ. ಹಬ್ಬಿನ ನಡುವಿನ ಉಬ್ಬಿದ ಅಂಚಿಗೆ ಮಾತ್ರ ಬೆರಳ ತುದಿಯಷ್ಟು ಆಂಟಿಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಸವರಿ. ಉಕ್ಕಿಗೂ ಅಲ್ಯೂಮಿನಿಯಂಗೂ ನಡುವೆ ನೀರು ನಿಂತರೆ ಬಿಳಿ ಪುಡಿ ಕಟ್ಟಿ ರಿಮ್ ಅಲ್ಲೇ ಬೆಸೆದುಕೊಳ್ಳುತ್ತದೆ, ಆಮೇಲೆ ಒದ್ದರೂ ಬರುವುದಿಲ್ಲ. ಸ್ಟಡ್ ದಾರಕ್ಕೆ, ನಟ್ ಸೀಟಿಗೆ ಎಣ್ಣೆ ಗ್ರೀಸ್ ಏನೂ ಬೇಡ. ಕೊಟ್ಟಿರುವ ಟಾರ್ಕ್ ಒಣ ದಾರದ ಲೆಕ್ಕ. ಎಣ್ಣೆ ಹಚ್ಚಿದರೆ ಅದೇ ಟಾರ್ಕ್‌ಗೆ ಸ್ಟಡ್ ಹೆಚ್ಚು ಎಳೆಯಲ್ಪಟ್ಟು ದಾರ ಸೋಲುತ್ತದೆ.

ಚಕ್ರ ಗಾಳಿಯಲ್ಲಿರುವಾಗಲೇ ನಾಲ್ಕೂ ನಟ್ ಕೈಯಿಂದ ತಿರುಗಿಸಿ, ಎದುರುಬದುರಾಗಿ ಮೊದಲು 30, ಆಮೇಲೆ 60 ನ್ಯೂಟನ್ ಮೀಟರ್. ಜಾಕ್ ಇಳಿಸಿ ಪೂರ್ತಿ ಟಾರ್ಕ್. ಎಂ12×1.5ಕ್ಕೆ ಸಾಮಾನ್ಯವಾಗಿ 90ರಿಂದ 110, ನಿಮ್ಮ ಕಾರಿನ ಪುಸ್ತಕದಲ್ಲಿ ಏನಿದೆಯೋ ಅದು. ಗಾಳಿಯ ಗನ್ನಿನಿಂದ ಟರ್ರನೆ ಬಿಗಿದು ಬಿಡುವವರಿಗೆ ಕೊಡಬೇಡಿ. 50ರಿಂದ 100 ಕಿ.ಮೀ. ಓಡಿದ ಮೇಲೆ ತಣ್ಣಗಿರುವಾಗ ಮತ್ತೊಮ್ಮೆ ಟಾರ್ಕ್ ನೋಡಿ. ಸ್ಟೀಲ್ ರಿಮ್ಮಿನ ತಟ್ಟೆ ನಟ್ಟಿನ ಸುತ್ತ ಸ್ವಲ್ಪ ಸ್ಪ್ರಿಂಗಿನಂತೆ ಬಳುಕಿ ಬಿಗಿತ ಹಿಡಿದಿಡುತ್ತದೆ. ಅಲಾಯ್ ಬಳುಕುವುದಿಲ್ಲ, ಹೊಸ ಸೀಟಿನ ಪೇಂಟ್ ಒಂದಿಷ್ಟು ಕುಸಿದರೂ ಬಿಗಿತ ಇಳಿಯುತ್ತದೆ.

ಬ್ಯಾಲೆನ್ಸ್ ತೂಕ ಅಲಾಯ್‌ಗೆ ಒಳಬದಿಯಲ್ಲಿ ಅಂಟಿಸುವುದೇ ಇರಲಿ. ಸ್ಟೀಲ್ ರಿಮ್ಮಿನ ಕ್ಲಿಪ್ ಬಡಿದರೆ ತುಟಿಯ ಲ್ಯಾಕರ್ ಎದ್ದು ಅಲ್ಲಿಂದ ಬಿಳಿಹುಳು ಹರಿದಂತೆ ಕೊರೆತ ಹಬ್ಬುತ್ತದೆ. ಯಂತ್ರದಲ್ಲಿ ಕೆತ್ತಿ ಹೊಳಪು ತಂದ ಡೈಮಂಡ್ ಕಟ್ ಮುಖವಾದರೆ ಇನ್ನೂ ಬೇಗ.

ಸ್ಟೆಪ್ನಿ: ಹೊಸ ಅಲಾಯ್ ನಟ್ ಕೂಡ 60 ಡಿಗ್ರಿ ಕೋನ್ ಆಗಿದ್ದರೆ ಸ್ಟೀಲ್ ರಿಮ್ಮಿಗೂ ನಡೆಯುತ್ತದೆ. ಬೇರೆ ಸೀಟ್ ಆದರೆ ಹಳೇ ನಾಲ್ಕು ನಟ್ ಚೀಲದಲ್ಲಿ ಹಾಕಿ ಸ್ಟೆಪ್ನಿಗೇ ಕಟ್ಟಿಡಿ.

---

ನಾಲ್ಕುಗಾಲಿ

ಮೂವರಿಗೂ ಧನ್ಯವಾದ. 16 ಬಿಟ್ಟೆ. ಇದೇ ಕಾರಿನ ಮೇಲಿನ ವೇರಿಯಂಟ್‌ನಲ್ಲಿ ಬರುವ 15ರ ಕಂಪನಿ ಅಲಾಯ್ ನಾಲ್ಕು, ಬಳಸಿದ್ದು, ಒಟ್ಟಿಗೆ ಸಿಗುತ್ತಿವೆ. 6ಜೆ, ಇಟಿ 45, ನಡುತೂತು 54.1. ಒಂದರ ಒಳಬದಿಯಲ್ಲಿ ವೆಲ್ಡ್ ಮಾಡಿದ ಗುರುತಿದೆ, ಗಾಳಿ ನಿಲ್ಲುತ್ತದೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ? ಇನ್ನೊಂದು, ಈಗಿನ ಸ್ಟೀಲ್ ರಿಮ್ ಒಂದರಲ್ಲಿ ಟಯರ್ ಸರಿಯಿದ್ದರೂ ಗಾಳಿ ನಿಧಾನವಾಗಿ ಇಳಿಯುತ್ತದೆ. ಸ್ಟೆಪ್ನಿಗೆ ಅದನ್ನೇ ಇಡೋಣ ಅಂದುಕೊಂಡಿದ್ದೆ.

---

ಎರಕದಮನೆ

ವೆಲ್ಡ್ ಆದದ್ದು ಬೇಡ. ಎ356ರ ಹದದ ಕಥೆ ಮೇಲೆ ಬರೆದಿದ್ದೇನೆ. 150ರ ಆಸುಪಾಸಿನಲ್ಲಿ ಹದಗೊಂಡ ಲೋಹಕ್ಕೆ ಟಿಗ್ ವೆಲ್ಡಿಂಗಿನ (ವಿದ್ಯುತ್ ಕಿಡಿಯಿಂದ ಬೆಸೆಯುವುದು) ಕಾವು ತಾಗಿದರೆ ಬೆಸುಗೆಯ ಎರಡೂ ಕಡೆ ಒಂದಷ್ಟು ಅಗಲಕ್ಕೆ ಹದ ಕೆಡುತ್ತದೆ, ಲೋಹ ಮೆತ್ತಗಾಗುತ್ತದೆ. ಮತ್ತೆ ಪೂರ್ತಿ ಟಿ6 ಮಾಡಿಸುವವರು ಯಾರೂ ಇಲ್ಲ. ಗಾಳಿ ನಿಲ್ಲುವುದಕ್ಕೂ ಬಲಕ್ಕೂ ಸಂಬಂಧವಿಲ್ಲ. ಅಂಟು ಹಚ್ಚಿದರೂ ಗಾಳಿ ನಿಲ್ಲುತ್ತದೆ. ಗ್ಯಾಸ್ ಟಾರ್ಚ್‌ನಿಂದ ಕಾಯಿಸಿ ಬೆಂಡ್ ತೆಗೆದ ರಿಮ್ಮಿಗೂ ಇದೇ ಮಾತು.

---

ಟಾರ್ಕ್‌ರೆಂಚ್

ಇಲ್ಲಿ ನನ್ನದು ಅರ್ಧ ತಕರಾರು. ಒಳತುಟಿಯಲ್ಲಿ ಎರಡು ಮೂರು ಸೆಂ.ಮೀ. ಬಿರುಕು, ತುದಿಯಲ್ಲಿ ರಂಧ್ರ ಕೊರೆದು ನಿಲ್ಲಿಸಿ, ವಿ ಆಕಾರಕ್ಕೆ ಕೆತ್ತಿ ಎರಡು ಬದಿಯಿಂದ ಬೆಸೆದದ್ದು ಹಿಂದಿನ ಚಕ್ರದಲ್ಲಿ ಓಡಿಸುವವರು ಬೇಕಾದಷ್ಟು ಜನ. ಕಡ್ಡಿ, ನಟ್ ತೂತಿನ ಸುತ್ತ ಬೆಸುಗೆ ಕಂಡರೆ ಮಾತ್ರ ನೇರ ಗುಜರಿಗೆ. ಆದರೆ ಅದು ನಿಮ್ಮದೇ ರಿಮ್ ಆಗಿದ್ದು, ಯಾರು ಹೇಗೆ ಬೆಸೆದರು ಎಂದು ಗೊತ್ತಿದ್ದಾಗಿನ ಮಾತು. ಬೇರೆಯವರ ಬೆಸುಗೆಯನ್ನು ದುಡ್ಡು ಕೊಟ್ಟು ತರಬೇಡಿ. ಮೂರನ್ನು ತೆಗೆದುಕೊಂಡು ನಾಲ್ಕನೆಯದನ್ನು ಹುಡುಕಿ, ಇಲ್ಲವೇ ಬಿಟ್ಟುಬಿಡಿ.

ಉಳಿದ ಮೂರನ್ನು ನೋಡುವ ಬಗೆ: ಟಯರ್ ಕಳಚಿಸಿಯೇ ನೋಡಬೇಕು. ಒಳಬದಿ ತೊಳೆದು ಒಣಗಿಸಿ, ಟಾರ್ಚನ್ನು ಮೇಲ್ಮೈಗೆ ಓರೆಯಾಗಿ ಹಿಡಿದು ಒಳತುಟಿಯ ಸುತ್ತ ನಿಧಾನ ಹೋಗಿ. ಉಗುರು ಎಡವಿದ ಕಡೆ ನಿಲ್ಲಿ. ಅನುಮಾನ ಬಂದರೆ ಡೈ ಪೆನಿಟ್ರೆಂಟ್ ಸ್ಪ್ರೇ: ಕೆಂಪು ಬಣ್ಣ ಹೊಡೆದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕು ಕೆಂಪು ಗೆರೆಯಾಗಿ ಎದ್ದು ಬರುತ್ತದೆ. ಹೊಸದಾಗಿ ಬಳಿದ ಪೇಂಟ್ ಒಳಬದಿಯಲ್ಲಿ ಮಾತ್ರ ಇದ್ದರೆ ಏಕೆ ಎಂದು ಕೇಳಿ. ನಟ್ ಸೀಟುಗಳಲ್ಲಿ ಏಣು ಎದ್ದಿದೆಯೇ, ತೂತು ಮೊಟ್ಟೆಯಾಕಾರ ತಾಳಿದೆಯೇ ನೋಡಿ. ಕೊನೆಗೆ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಬರೀ ರಿಮ್ ಹಾಕಿ ತಿರುಗಿಸಿ, ತುಟಿಯ ಬಳಿ ಒಂದು ತಂತಿಯನ್ನು ಅಲುಗದಂತೆ ಹಿಡಿಯಿರಿ. ಅಲಾಯ್‌ಗೆ ಅಲುಗಾಟ 0.7 ಮಿ.ಮೀ. ಒಳಗಿದ್ದರೆ ಚೆನ್ನ, ಒಂದನ್ನು ದಾಟಿದರೆ ಬೇಡ. ಸ್ಟೀಲ್‌ಗೆ ಒಂದರ ತನಕ ಸಹಜ.

ಸ್ಟೀಲ್ ರಿಮ್ಮಿನ ಸೋರಿಕೆ. ಗಾಳಿ 35 ಪಿಎಸ್‌ಐ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಐದು ನಿಮಿಷ ಬಿಡಿ. ಗುಳ್ಳೆ ಮೂರು ಕಡೆಯಿಂದ ಬರಬಹುದು. ತುಟಿಯ ಸುತ್ತ ಬಂದರೆ ಟಯರ್ ಕೂರುವ ಜಾಗದಲ್ಲಿ ತುಕ್ಕಿನ ಹಕ್ಕಳೆ ಎದ್ದಿದೆ: ಟಯರ್ ಕಳಚಿ, ವೈರ್ ಬ್ರಷ್, ನಂತರ 120ರ ಉಜ್ಜುಕಾಗದ, ಸತುವಿನ ಪ್ರೈಮರ್ ತೆಳ್ಳಗೆ, ಪೂರ್ತಿ ಒಣಗಿದ ಮೇಲೆ ಟಯರ್. ದಪ್ಪ ಬಳಿದರೆ ಅದೇ ಮತ್ತೊಂದು ಹಕ್ಕಳೆ. ವಾಲ್ವ್ ಬುಡದಿಂದ ಬಂದರೆ ರಬ್ಬರ್ ವಾಲ್ವ್ ಬದಲಿಸಿ, ಟಯರ್ ಬದಲಿಸುವಾಗ ನಾಲ್ಕಕ್ಕೂ ಹೊಸದೇ ಹಾಕಿಸಿ. ಬಳೆಯ ಬೆಸುಗೆಗೆರೆಯಿಂದ ಬಂದರೆ ಆ ರಿಮ್ ಬಿಡಿ, ಉಳಿದ ಮೂರರಲ್ಲಿ ಚೆನ್ನಾಗಿರುವುದನ್ನು ಸ್ಟೆಪ್ನಿಗೆ ಆರಿಸಿ.

---

ಗಾಲಿಗಣಿತ

ಅಳತೆ ಎಲ್ಲ ಒಂದೇ ಆದ್ದರಿಂದ ಮಡ್‌ಗಾರ್ಡ್, ಹಬ್ ರಿಂಗ್, ಸ್ಪೀಡೋಮೀಟರ್ ಯಾವ ಚಿಂತೆಯೂ ಉಳಿಯಲಿಲ್ಲ. ಸ್ಟೆಪ್ನಿಯಲ್ಲೂ ಅದೇ 185/65 ಇರುವುದರಿಂದ ಎಬಿಎಸ್, ಡಿಫರೆನ್ಶಿಯಲ್‌ಗೆ ತೊಂದರೆಯಿಲ್ಲ.

ಉಳಿದದ್ದು ಒಂದೇ. ಕಂಪನಿ ಅಲಾಯ್ ಎಂದ ಮಾತ್ರಕ್ಕೆ ನಿಮ್ಮ ಈಗಿನ ನಟ್‌ಗಳೇ ಅದಕ್ಕೂ ಎಂದುಕೊಳ್ಳಬೇಡಿ. ಸ್ಟೀಲ್‌ಗೂ ಅಲಾಯ್‌ಗೂ ಬೇರೆ ಬೇರೆ ನಟ್ ಕೊಡುವ ಕಾರುಗಳಿವೆ. ಮಾರುವವರ ಬಳಿ ಆ ರಿಮ್ಮಿನ ನಟ್‌ಗಳು ಹದಿನಾರೂ ಇವೆಯೇ ಕೇಳಿ, ಲಾಕ್ ನಟ್ ಇದ್ದರೆ ಅದರ ಕೀಲಿಯನ್ನೂ ಕೇಳಿ. ಇಲ್ಲ ಎಂದರೆ ಮೇಲೆ ಹೇಳಿದ ಮಾರ್ಕರ್ ಪರೀಕ್ಷೆ ಮಾಡಿಯೇ ಟಯರ್ ಏರಿಸಿ; ಟಯರ್ ಏರಿಸಿದ ಮೇಲೆ ರಿಮ್ ವಾಪಸ್ ತೆಗೆದುಕೊಳ್ಳುವವರು ಕಡಿಮೆ.

---

ನಾಲ್ಕುಗಾಲಿ

ನಟ್ ಫೋಟೋ ತರಿಸಿದೆ. ಕೆಳಗೆ ಸಡಿಲವಾಗಿ ತಿರುಗುವ ವಾಷರ್ ಇದೆ, ಅದರ ಮುಂದೆ ನುಣ್ಣಗಿನ ಉದ್ದ ಕೊಳವೆ. ನಮ್ಮದು ಬರೀ ಕೋನ್.

---

ಟಾರ್ಕ್‌ರೆಂಚ್

ಅದು ಚಪ್ಪಟೆ ಸೀಟಿನದು. ಕೋನ್ ನಟ್ ಅದಕ್ಕೆ ಖಂಡಿತ ಬೇಡ, ರಿಮ್ ಜೊತೆ ಆ ನಟ್‌ಗಳನ್ನೂ ಕೊಂಡುಕೊಳ್ಳಿ. ಕೊಳವೆ ರಿಮ್ಮಿನ ತೂತಿನೊಳಗೆ ಇಳಿದು ಕೂರುವುದರಿಂದ ನಡುವಿಗೆ ತರುವ ಕೆಲಸವನ್ನೂ ಅದೇ ಮಾಡುತ್ತದೆ. ಹಾಕುವ ಮೊದಲು ಪ್ರತಿ ವಾಷರ್ ಬೆರಳಿಗೆ ಸಲೀಸಾಗಿ ತಿರುಗುತ್ತದೆಯೇ ನೋಡಿ. ತುಕ್ಕು ಹಿಡಿದು ನಟ್ಟಿಗೆ ಕಚ್ಚಿಕೊಂಡ ವಾಷರ್ ಬಿಗಿಯುವಾಗ ಜೊತೆಗೇ ಸುತ್ತುತ್ತಾ ರಿಮ್ಮನ್ನು ಕೊರೆಯುತ್ತದೆ, ಟಾರ್ಕ್ ರೆಂಚ್ ಕ್ಲಿಕ್ ಅಂದರೂ ಬಿಗಿತ ಬಂದಿರುವುದಿಲ್ಲ. ಸ್ಟೆಪ್ನಿ ಸ್ಟೀಲ್‌ಗೆ ನಿಮ್ಮ ಹಳೇ ಕೋನ್ ನಟ್ ನಾಲ್ಕು, ಚೀಲದಲ್ಲಿ.